ಹಳ್ಳಿ ಮೆಡಿಕಲ್ ಸ್ಟೋರ್‌ನೋರಿಗೆ ಕಿವಿ ವಿಷಯದಲ್ಲಿ ಟ್ರೈನಿಂಗ್ ಕೊಡಬೇಕು ಅನ್ಸತ್ತೆ, ನೀವೇನಂತೀರಾ?

ಅಂಗಡಿಯಣ್ಣ_ಹನೂರು:
ಎಲ್ಲರಿಗೂ ನಮಸ್ಕಾರ. ಹನೂರು ಕಡೆ ಒಂದೂರಲ್ಲಿ ಮೆಡಿಕಲ್ ಸ್ಟೋರ್ ಇಟ್ಕೊಂಡಿದೀನಿ, ಹದಿನಾಲ್ಕು ವರ್ಷ ಆಯ್ತು. ಒಂದು ವಿಷಯ ಮನಸ್ಸಲ್ಲಿ ಕೊರೀತಾನೇ ಇದೆ, ಅದಕ್ಕೆ ಇಲ್ಲಿ ಹಾಕ್ತಿದೀನಿ. ಹೋದ ವರ್ಷ ಮಳೆಗಾಲದಲ್ಲಿ ನಮ್ಮೂರಲ್ಲಿ ಟ್ರ್ಯಾಕ್ಟರ್ ಓಡಿಸೋ ಒಬ್ರು, ನಲವತ್ತರ ಆಸುಪಾಸು, ನಾನು ಬೆಳಗ್ಗೆ ಶಟರ್ ಎತ್ತೋ ಹೊತ್ತಿಗೇ ಬಂದು ಅಣ್ಣಾ ರಾತ್ರಿ ಮಲಗುವಾಗ ಚೆನ್ನಾಗೇ ಇದ್ದೆ ಎದ್ದಾಗಿಂದ ಎಡಗಿವಿ ಪೂರ್ತಿ ಕಟ್ಕೊಂಡುಬಿಟ್ಟದೆ ಒಳಗೆ ಗುಂಯ್ ಅಂತದೆ ಅಂದ್ರು. ನಾನು ಶೀತಕ್ಕೆ ಕಟ್ಟಿರಬೇಕು ಅನ್ಕೊಂಡು ಶೀತದ ಮಾತ್ರೆ ಕೊಟ್ಟೆ, ಗುಗ್ಗೆ ಕರಗೋ ಡ್ರಾಪ್ಸೂ ಕೊಟ್ಟೆ. ವಾರ ಬಿಟ್ಟು ಮತ್ತೆ ಬಂದ್ರು, ಇನ್ನೊಂದು ಬಾಟ್ಲಿ ಕೊಟ್ಟೆ. ಇಪ್ಪತ್ತೈದು ದಿನ ಆದಮೇಲೆ ಮೈಸೂರಿಗೆ ಹೋಗಿ ತೋರಿಸಿದ್ರೆ ಅಲ್ಲಿ ಡಾಕ್ಟ್ರು ನರದ ತೊಂದರೆ, ಮೊದಲ ವಾರದಲ್ಲೇ ಬಂದಿದ್ರೆ ಏನಾದ್ರೂ ಪ್ರಯತ್ನ ಮಾಡಬೋದಿತ್ತು ಅಂದ್ರಂತೆ. ಆ ಕಿವಿ ಈಗ್ಲೂ ಕೇಳಿಸಲ್ಲ. ಅವ್ರು ನನ್ನ ಮೇಲೆ ಒಂದು ಮಾತೂ ಆಡಲಿಲ್ಲ, ಈಗ್ಲೂ ನಮ್ಮಂಗಡಿಗೇ ಬರ್ತಾರೆ, ಅದೇ ನಂಗೆ ಜಾಸ್ತಿ ನೋವು.

ನಾನು ಡಿ.ಫಾರ್ಮ ಓದಿದೀನಿ. ಶುಗರ್ ಬಿಪಿ ಬಗ್ಗೆ ತಕ್ಕಮಟ್ಟಿಗೆ ಗೊತ್ತು. ಕಿವಿ ಬಗ್ಗೆ ಯಾರೂ ಏನೂ ಹೇಳ್ಕೊಡಲಿಲ್ಲ. ಇಎನ್‌ಟಿ ಡಾಕ್ಟ್ರು ಬೇಕಂದ್ರೆ ಕೊಳ್ಳೇಗಾಲಕ್ಕೋ ಚಾಮರಾಜನಗರಕ್ಕೋ ಹೋಗ್ಬೇಕು, ಮೆಷಿನ್ ಇಟ್ಟು ಟೆಸ್ಟ್ ಮಾಡಿಸ್ಬೇಕು ಅಂದ್ರೆ ಹೆಚ್ಚು ಜನ ಮೈಸೂರಿಗೇ ಹೋಗೋದು, ಒಂದಿನದ ಕೂಲಿ ಬಸ್ ಚಾರ್ಜು ಎಲ್ಲ ಹೋಯ್ತು. ಅದಕ್ಕೇ ಜನ ಮೊದಲು ನಮ್ಮತ್ರ ಬರೋದು. ನಮ್ಮಂಥೋರಿಗೆ ಎರಡು ದಿನ ಕೂರಿಸಿ ಹೇಳ್ಕೊಟ್ರೆ ಆಗಲ್ವಾ?

ಶ್ರವಣತಜ್ಞೆ_ಮೈಸೂರು:
ಅಣ್ಣಾ, ನೀವು ಇದನ್ನ ಬಾಯ್ಬಿಟ್ಟು ಹೇಳಿದ್ದೇ ದೊಡ್ಡದು. ನಾನು ಆಡಿಯಾಲಜಿಸ್ಟ್, ಅಂದ್ರೆ ಕಿವಿ ಎಷ್ಟು ಕೇಳತ್ತೆ ಅಂತ ಟೆಸ್ಟ್ ಮಾಡೋಳು, ಹನ್ನೊಂದು ವರ್ಷದಿಂದ ಇದೇ ಕೆಲಸ, ನಿಮ್ಮ ಟ್ರ್ಯಾಕ್ಟರ್ ಅಣ್ಣನ ಥರದೋರನ್ನ ನೋಡ್ತಾನೇ ಇರ್ತೀನಿ. ಮೂರು ದಿನದ ಒಳಗೆ ಇದ್ದಕ್ಕಿದ್ದಂಗೆ ಒಂದು ಕಿವಿ ಹೋದ್ರೆ ಅದು ಎಮರ್ಜೆನ್ಸಿ. ಡಾಕ್ಟ್ರು ಸ್ಟೆರಾಯ್ಡ್ ಶುರು ಮಾಡೋದಾದ್ರೆ ಆದಷ್ಟು ಬೇಗ, ಹೆಚ್ಚು ಅಂದ್ರೆ ಎರಡು ವಾರದೊಳಗೆ ಮಾಡ್ಬೇಕು, ಆಮೇಲೆ ಫಲ ಕಮ್ಮಿ ಆಗ್ತಾ ಹೋಗತ್ತೆ. ಬೇಗ ಬಂದ್ರೂ ಎಲ್ಲರಿಗೂ ವಾಪಸ್ ಬರಲ್ಲ, ಆದ್ರೆ ಒಂದು ಅವಕಾಶ ಇರತ್ತೆ, ಆ ಅವಕಾಶ ಹೋಗೋದು ಬಹಳ ಸಲ ಶೀತ ಇರ್ಬೇಕು ಗುಗ್ಗೆ ಇರ್ಬೇಕು ಅನ್ನೋ ಒಂದೇ ಮಾತಿಂದ.

ಕೌಂಟರಲ್ಲಿ ನಿಂತೇ ಮಾಡಬೋದಾದ ಒಂದು ಸಣ್ಣ ಕೆಲಸ ಹೇಳ್ತೀನಿ. ಬಾಯಿ ಮುಚ್ಕೊಂಡು ಹೂಂ ಅಂತ ಉದ್ದಕ್ಕೆ ಗುನುಗೋಕೆ ಹೇಳಿ, ಯಾವ ಕಿವೀಲಿ ಜೋರಾಗಿ ಕೇಳತ್ತೆ ಅಂತ ಕೇಳಿ. ಗುಗ್ಗೆ ಅಥವಾ ಶೀತಕ್ಕೆ ಕಟ್ಟಿದ್ರೆ ಸಾಮಾನ್ಯವಾಗಿ ಕಟ್ಟಿದ ಕಿವೀಲೇ ಜೋರಾಗಿ ಕೇಳತ್ತೆ. ಚೆನ್ನಾಗಿರೋ ಕಿವಿ ಕಡೆಗೆ ಹೋದ್ರೆ ನರದ ತೊಂದರೆ ಇರಬೋದು, ಅವತ್ತೇ ಕಳಿಸಿ. ಇದರಿಂದ ಕಾಯಿಲೆ ಇದೇ ಅಂತ ತೀರ್ಮಾನ ಮಾಡೋಕಾಗಲ್ಲ, ಆದ್ರೆ ಬೆಳಗ್ಗೆ ಬಸ್ಸಿಗೇ ಹೊರಡಿ ಅಂತ ಗಟ್ಟಿಯಾಗಿ ಹೇಳೋಕೆ ನಿಮಗೊಂದು ಧೈರ್ಯ ಸಿಗತ್ತೆ. ಡೌಟ್ ಇದ್ರೂ ಕಳಿಸೋದೇ ಸರಿ.

ಇಎನ್‌ಟಿ_ಪಿಜಿ:
ಕ್ಷಮಿಸಿ, ನಾನು ಸ್ವಲ್ಪ ವಿರೋಧವಾಗಿ ಹೇಳ್ತೀನಿ. ಟ್ರೈನಿಂಗ್ ಅಂದ ತಕ್ಷಣ ನಂಗೆ ಭಯ ಆಗತ್ತೆ, ಯಾಕಂದ್ರೆ ಓಪಿಡಿಗೆ ಬರೋ ಕಿವಿ ಫಂಗಸ್ ಪೇಷಂಟ್‌ಗಳನ್ನ ಕೇಳಿದ್ರೆ ಸುಮಾರು ಜನ ಚೀಟಿ ಇಲ್ದೆ ಅಂಗಡಿಯಿಂದ ಆಂಟಿಬಯೋಟಿಕ್ ಸ್ಟೆರಾಯ್ಡ್ ಮಿಕ್ಸ್ ಡ್ರಾಪ್ಸ್ ತಗೊಂಡು ತಿಂಗಳುಗಟ್ಟಲೆ ಹಾಕಿರ್ತಾರೆ. ಜೆಂಟಮೈಸಿನ್, ನಿಯೋಮೈಸಿನ್ ಇರೋ ಡ್ರಾಪ್ಸು ತಮಟೆ (ಕಿವಿ ಒಳಗಿನ ತೆಳು ಪರದೆ) ತೂತಾಗಿರೋ ಕಿವಿಗೆ ಹೋದ್ರೆ ಒಳಗಿವಿಗೇ ಏಟು ಬೀಳಬೋದು, ಅಂಗಡಿಲಿ ನಿಂತು ತಮಟೆ ತೂತಾಗಿದೆಯೋ ಇಲ್ವೋ ಹೇಗೆ ಗೊತ್ತಾಗತ್ತೆ? ಈಗ ಎರಡು ದಿನದ ಸರ್ಟಿಫಿಕೇಟೂ ಕೊಟ್ಬಿಟ್ರೆ ಇಲ್ಲಿ ಕಿವಿ ನೋಡಲಾಗುವುದು ಅಂತ ಬೋರ್ಡ್ ಬೀಳತ್ತೆ. ಆಮೇಲೆ ಹಿಯರಿಂಗ್ ಏಡ್ (ಕಿವಿಗೆ ಹಾಕೋ ಮೆಷಿನ್) ಕಂಪನಿಯೋರು ಕಮಿಷನ್ ಹಿಡ್ಕೊಂಡು ಬರ್ತಾರೆ. ಅಂಗಡಿಯಣ್ಣ ಒಳ್ಳೇವ್ರೇ ಇರಬೋದು, ನಾನು ಎಲ್ಲರ ಬಗ್ಗೆ ಯೋಚಿಸಿ ಹೇಳ್ತಿರೋದು.

ಶ್ರವಣತಜ್ಞೆ_ಮೈಸೂರು:
ಡಾಕ್ಟ್ರೇ, ನೀವು ಹೇಳಿದ್ದು ನಿಜ, ಅದಕ್ಕೇ ಟ್ರೈನಿಂಗ್ ಬೇಕು ಅಂತೀನಿ. ಡ್ರಾಪ್ಸ್ ಈಗ್ಲೂ ಮಾರಾಟ ಆಗ್ತಾನೇ ಇದೆ, ನಾವು ಸುಮ್ನಿದ್ರೆ ನಿಲ್ಲತ್ತಾ? ಮೊದಲನೇ ಪಾಠವೇ ಏನನ್ನ ಕೊಡಬಾರ್ದು ಅನ್ನೋದಾಗ್ಬೇಕು. ಕಿವಿ ಸೋರ್ತಿದ್ರೆ, ರಕ್ತ ಬಂದ್ರೆ, ಹಿಂದೆ ಸೋರಿತ್ತು ಅಂದ್ರೆ, ಆಪರೇಷನ್ ಆಗಿದ್ರೆ ಗುಗ್ಗೆ ಡ್ರಾಪ್ಸೂ ಇಲ್ಲ, ಎಣ್ಣೇನೂ ಇಲ್ಲ, ಸೀದಾ ಡಾಕ್ಟ್ರತ್ರ. ತಲೆ ತಿರುಗಿದ್ರೆ, ಮುಖ ಒಂದು ಕಡೆ ಸೊಟ್ಟಗಾದ್ರೆ, ಒಂದೇ ಕಿವಿ ಮಂದ ಆಗಿದ್ರೆ, ಒಂದೇ ಕಿವೀಲಿ ಸದಾ ಗುಂಯ್ ಅಂತಿದ್ರೆ ಅವ್ರನ್ನೂ ಕಳಿಸೋದೇ. ಮಕ್ಕಳ ವಿಷಯ ಅಂತೂ ಕೇಳಲೇಬೇಡಿ, ಎಲ್ಲ ಮಕ್ಕಳನ್ನೂ ಕಳಿಸಿ.

ವಿಶ್ವ ಆರೋಗ್ಯ ಸಂಸ್ಥೆ ಪ್ರೈಮರಿ ಲೆವೆಲ್‌ನೋರಿಗೆ, ಅಂದ್ರೆ ಜನ ಮೊದಲು ಹೋಗೋ ಪಿಎಚ್‌ಸಿ ಥರದ ಕಡೆ ಕೆಲಸ ಮಾಡೋರಿಗೆ ಅಂತಲೇ ಕಿವಿ ಆರೈಕೆ ಟ್ರೈನಿಂಗ್ ಪುಸ್ತಕ 2023ರಲ್ಲಿ ತಂತು, ಕಿವಿ ತೊಂದರೆಗಳಲ್ಲಿ ನೂರಕ್ಕೆ 60ಕ್ಕಿಂತ ಹೆಚ್ಚನ್ನ ಆ ಮಟ್ಟದಲ್ಲೇ ಗುರುತಿಸಿ ನೋಡ್ಕೋಬೋದು ಅಂತಾರೆ. 2024ರಲ್ಲಿ ಹಿಯರಿಂಗ್ ಏಡ್ ಸೇವೆ ಬಗ್ಗೆ ಬಡ ದೇಶ, ಮಧ್ಯಮ ಆದಾಯದ ದೇಶಗಳಿಗೆ ಅಂತ ಇನ್ನೊಂದು ಮಾರ್ಗಸೂಚಿ ಬಂತು, ತಜ್ಞರು ಕಮ್ಮಿ ಇರೋ ಕಡೆ ತರಬೇತಿ ಪಡೆದ ಬೇರೆಯೋರೂ ಕೆಲವು ಕೆಲಸ ಹಂಚ್ಕೋಬೇಕು ಅಂತ ಅದರಲ್ಲೇ ಇದೆ. ಏಡ್ ಬೇಕಾದೋರಲ್ಲಿ ಅದನ್ನ ಬಳಸ್ತಿರೋದು ನೂರಕ್ಕೆ 17 ಜನ ಮಾತ್ರ ಅಂತ ಅವರ ಅಂದಾಜು. ಹಳ್ಳಿಗೊಬ್ಬ ಆಡಿಯಾಲಜಿಸ್ಟ್ ಬರ್ತಾರೆ ಅಂತ ಕಾಯ್ತಾ ಕೂತ್ರೆ ನಮ್ಮ ಅಜ್ಜ ಅಜ್ಜಿಯರ ಕಾಲ ಮುಗಿದೇ ಹೋಗತ್ತೆ.

ಕೊಪ್ಪಳದ_ತಮ್ಮ:
ನಮಸ್ಕಾರ್ರಿ. ನಾ ಫಾರ್ಮಸಿಸ್ಟ್ ಅಲ್ರಿ, ಗಂಗಾವತಿ ಕಡೆ ಒಂದ್ ಮೆಡಿಕಲ್‌ನ್ಯಾಗ ಕೌಂಟರ್ ಮ್ಯಾಲ ಕೆಲ್ಸ ಮಾಡ್ತೀನಿ, ಪಿಯುಸಿ ಆಗೇತಿ. ಖರೆ ಹೇಳ್ಬೇಕಂದ್ರ ಕಿವಿಗೆ ಎಣ್ಣಿ ಕೊಡ್ರಿ ಅಂತ ಬರೋ ಮಂದಿ ಜೋಡಿ ಮಾತಾಡೋರು ನಮ್ಮಂಥ ಹುಡುಗ್ರs ರೀ. ಸರ್ಟಿಫಿಕೇಟ್ ಇದ್ದೋರನ್ನ ಅಷ್ಟ ಕರದು ಟ್ರೈನಿಂಗ್ ಕೊಟ್ರ ಅದು ಫ್ರೇಮಿನ್ಯಾಗ ಗ್ವಾಡಿ ಮ್ಯಾಲ ಉಳಿತೈತ್ರಿ. ನಮ್ಮನ್ನೂ ಕರೀರಿ. ಔಷಧ ಕೊಡೋದು ಬ್ಯಾಡ, ಏನ್ ಕೇಳ್ಬೇಕು ಯಾರನ್ನ ಕಳಸ್ಬೇಕು ಅನ್ನೋದರ ಕಲಿಸ್ರಿ.

ನಮ್ಮ ಕಡಿ ರೈಸ್ ಮಿಲ್ ಭಾಳ ಅದಾವ್ರಿ. ಮಿಲ್ಲಿನ್ಯಾಗ ಹತ್ತ ಹದಿನೈದ ವರ್ಷ ದುಡದೋರು ಅಂಗಡಿಗೆ ಬಂದ್ರ ಎರಡ ಸಲ ಕೂಗಿ ಹೇಳ್ಬೇಕಾಗ್ತೈತಿ. ಅವರಿಗೆ ಫೋಮಿನ ಇಯರ್ ಪ್ಲಗ್ ತರಿಸಿ ಕೊಡ್ಬೋದ್ ಅಂತ ನಂಗ ಗೊತ್ತs ಇದ್ದಿಲ್ಲ, ಇಲ್ಲೆ ಓದಿ ಗೂಗಲ್ ಮಾಡಿ ಈಗ ಗೊತ್ತಾತು. ಹತ್ತಿಪ್ಪತ್ತ ರೂಪಾಯಿ ಸಾಮಾನ್ರಿ ಅದು.

ಶ್ರವಣತಜ್ಞೆ_ಮೈಸೂರು:
ತಮ್ಮಾ, ನಿಮ್ಮ ಮಾತು ನೂರಕ್ಕೆ ನೂರು. ಇಯರ್ ಪ್ಲಗ್ ಕೊಡುವಾಗ ಒಂದು ಹೇಳಿ, ಬೆರಳಲ್ಲಿ ಸಣ್ಣಗೆ ಸುತ್ತಿ, ಇನ್ನೊಂದು ಕೈಯಿಂದ ಕಿವೀನ ಮೇಲಕ್ಕೆ ಹಿಂದಕ್ಕೆ ಎಳೆದು ಒಳಗೆ ಬಿಟ್ಟು, ಅದು ಉಬ್ಬೋವರೆಗೂ ಹಿಡ್ಕೋಬೇಕು. ಸುಮ್ನೆ ಕಿವಿ ತೂತಿನ ಬಾಯಲ್ಲಿ ಸಿಕ್ಕಿಸಿದ್ರೆ ಉಪಯೋಗ ಇಲ್ಲ. ಸದ್ದಿಂದ ಹೋದ ಕಿವಿ ವಾಪಸ್ ಬರಲ್ಲ, ಇರೋದನ್ನ ಉಳಿಸ್ಕೊಳ್ಳೋದು ಅಷ್ಟೇ.

ನಿವೃತ್ತ_ಮೇಷ್ಟ್ರು:
ನನಗೆ ಎಪ್ಪತ್ತೊಂದು. ಎರಡೂ ಕಿವಿಗೆ ಏಡ್ ಹಾಕ್ಕೊಂಡು ಆರು ವರ್ಷ. ಗಿರಾಕಿಯಾಗಿ ಒಂದು ಮಾತು ಹೇಳ್ತೀನಿ, ಅಂಗಡಿಯೋರು ದಯವಿಟ್ಟು ಓದಿ.

ಏಡ್ ಹಾಕೋಕೆ ಮುಂಚೆ, ನನ್ನ ಬಿಪಿ ಮಾತ್ರೆ ಬದಲಾಯಿಸಿದ್ರು. ಅಂಗಡಿ ಹುಡುಗ ಅರ್ಧ ಮಾತ್ರೆ ಅಂದ, ನನಗೆ ಕೇಳಿಸಿದ್ದು ಎರಡು ಮಾತ್ರೆ. ಐದು ದಿನ ಎರಡೆರಡು ತಗೊಂಡು ಬಚ್ಚಲಲ್ಲಿ ತಲೆಸುತ್ತಿ ಬಿದ್ದೆ. ಹುಡುಗನ ತಪ್ಪಲ್ಲ, ಅವನು ಸರಿಯಾಗೇ ಹೇಳಿದ್ದ, ನಾನೂ ಹೂಂ ಅಂತ ತಲೆ ಆಡಿಸಿದ್ದೆ. ಕಿವಿ ಮಂದ ಇರೋರು ಬಹಳ ಜನ ಹಂಗೇ, ಕೇಳಿಸಲಿಲ್ಲ ಅಂತ ಹೇಳೋಕೆ ಸಂಕೋಚ, ನಕ್ಕು ತಲೆ ಆಡಿಸ್ತೀವಿ. ಆದ್ದರಿಂದ ವಯಸ್ಸಾದೋರಿಗೆ ಮಾತ್ರೆ ಕೊಡುವಾಗ ತಿಳೀತಾ ಅಂತ ಕೇಳಬೇಡಿ, ಹೇಗೆ ತಗೋತೀರಿ ಒಂದ್ಸಲ ಹೇಳಿ ಅಂತ ಕೇಳಿ. ಕವರ್ ಮೇಲೆ ದಪ್ಪ ಅಕ್ಷರದಲ್ಲಿ ಬರೆದುಕೊಡಿ. ಮುಖ ನೋಡಿ ಮಾತಾಡಿ, ಬೀರು ಕಡೆ ತಿರುಗಿ ಮಾತಾಡಿದ್ರೆ ನಮಗೆ ತುಟಿ ಕಾಣಲ್ಲ. ಮತ್ತೆ ಕಿರುಚಬೇಡಿ, ಕಿರುಚಿದ್ರೆ ಮಾತು ಒಡೆದು ಇನ್ನೂ ಗೊಂದಲ ಆಗತ್ತೆ, ಜೊತೆಗೆ ನನ್ನ ಮೂಲವ್ಯಾಧಿ ವಿಷಯ ಬಸ್ ಸ್ಟ್ಯಾಂಡಿಗೆಲ್ಲ ಗೊತ್ತಾಗತ್ತೆ. ನಿಧಾನವಾಗಿ, ಬಿಡಿಸಿ ಹೇಳಿದ್ರೆ ಸಾಕು.

ನಮಗೆ ಸದ್ದು ಕೇಳತ್ತೆ, ಮಾತು ತಿಳಿಯಲ್ಲ. ಹಾಲು ಅಂದ್ರೋ ಹಾಸು ಅಂದ್ರೋ, ಕಾಲು ಅಂದ್ರೋ ಕಾಸು ಅಂದ್ರೋ ಗೊತ್ತಾಗಲ್ಲ. ಮನೆಯೋರು ಬೇಕಾದ್ದು ಮಾತ್ರ ಕೇಳಿಸತ್ತೆ ಇವ್ರಿಗೆ ಅಂತಾರೆ. ಅದು ಹಂಗಲ್ಲ.

ಶ್ರವಣತಜ್ಞೆ_ಮೈಸೂರು:
ಮೇಷ್ಟ್ರೇ, ನಿಮ್ಮ ಉದಾಹರಣೆ ನಾನು ಕ್ಲಾಸಲ್ಲಿ ಹೇಳ್ತೀನಿ. ವಯಸ್ಸಾದಾಗ ಮೊದಲು ಹೋಗೋದು ತೀಕ್ಷ್ಣ ಸ್ವರದ ಸದ್ದು, ಸ, ಶ, ತ, ಕ ಥರದ ವ್ಯಂಜನಗಳೇ ಮಸುಕಾಗ್ತವೆ, ಅ ಆ ಓ ಸ್ವರಗಳು ಕೇಳ್ತಾನೇ ಇರ್ತವೆ, ಅದಕ್ಕೇ ಮಾತಾಡ್ತಿದಾರೆ ಅಂತ ಗೊತ್ತಾಗತ್ತೆ, ಏನಂದ್ರು ಅಂತ ಗೊತ್ತಾಗಲ್ಲ.

ಅಂಗಡೀಲಿ ಮಾಡಬೋದಾದ ಪಿಸುಮಾತಿನ ಪರೀಕ್ಷೆ ಒಂದಿದೆ, ಮೆಷಿನ್ ಬೇಡ. ಅವರ ಹಿಂದೆ ಒಂದು ಕೈ ಅಳತೆ ದೂರದಲ್ಲಿ ನಿಲ್ಲಿ, ಟೆಸ್ಟ್ ಮಾಡದ ಇನ್ನೊಂದು ಕಿವಿಯ ಮುಂದಿರೋ ಸಣ್ಣ ಮೆತ್ತನೆ ಎಲುಬನ್ನ ಅವರೇ ಒತ್ತಿ ಮೆಲ್ಲಗೆ ಉಜ್ತಾ ಇರ್ಲಿ, ನೀವು ಉಸಿರು ಪೂರ್ತಿ ಬಿಟ್ಟು ಪಿಸುಮಾತಲ್ಲಿ ಐದು, ಕ, ಎರಡು ಅಂತ ಮೂರು ಹೇಳಿ, ಅವರು ತಿರುಗಿ ಹೇಳ್ಬೇಕು. ಸರಿ ಹೇಳಿದ್ರೆ ಆ ಕಿವಿ ಮುಗೀತು. ತಪ್ಪಿದ್ರೆ ಬೇರೆ ಮೂರು ಹೇಳಿ, ಒಟ್ಟು ಆರರಲ್ಲಿ ಮೂರೂ ಸರಿ ಬರಲಿಲ್ಲ ಅಂದ್ರೆ ಕಳಿಸಿ. ಸಂತೆ ದಿನ ಮಾಡಬೇಡಿ, ಗಲಾಟೇಲಿ ಎಲ್ಲರೂ ಫೇಲ್ ಆಗ್ತಾರೆ, ಮಧ್ಯಾಹ್ನ ಜನ ಕಮ್ಮಿ ಇರುವಾಗ ಮಾಡಿ.

ಮಲೆನಾಡ_ಮಗಳು:
ನಮ್ಮಮ್ಮನ ಕಥೆ ಕೇಳಿ. ಶಿರಸಿ ಹತ್ರ ನಮ್ಮೂರು. ಅಮ್ಮಂಗೆ ಚಿಕ್ಕಂದಿಂದ ಕಿವಿ ಸೋರ್ತಿತ್ತು, ಅಜ್ಜಿ ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ಬಿಡ್ತಿದ್ರು, ಯಾರೂ ಬೇಡ ಅನ್ನಲಿಲ್ಲ. ತಮಟೆ ತೂತಾಗಿದೆ ಅಂತ ಗೊತ್ತಾಗಿದ್ದು ಅವ್ರಿಗೆ ಐವತ್ತೆಂಟಾದಾಗ. ಅದಕ್ಕೆ ಮುಂಚೆ ನಾನೇ ಬೆಂಗಳೂರಿಂದ ಆನ್‌ಲೈನಲ್ಲಿ ಸಾವಿರ ರೂಪಾಯಿ ಚಿಲ್ಲರೆಗೆ ಒಂದು ಮೆಷಿನ್ ತರಿಸಿ ಕೊಟ್ಟೆ, ಅಮ್ಮಂಗೆ ಖುಷಿ ಆಗತ್ತೆ ಅಂತ. ಅದು ಕೀಂಯ್ ಅಂತ ಕೂಗತ್ತೆ, ಪಾತ್ರೆ ಸದ್ದು ತಲೆಗೆ ಹೊಡೆದಂಗೆ ಕೇಳತ್ತೆ, ಮಾತು ಮಾತ್ರ ಅಷ್ಟಕ್ಕಷ್ಟೇ. ನಾಲ್ಕು ದಿನ ಹಾಕಿ ಡ್ರಾಯರಲ್ಲಿ ಇಟ್ರು. ಅದಾದ್ಮೇಲೆ ಒಳ್ಳೇ ಏಡ್ ಬಗ್ಗೆ ಹೇಳಿದ್ರೂ ನಂಬ್ತಿರಲಿಲ್ಲ, ಅವೆಲ್ಲ ಅಷ್ಟೇ ಬಿಡು ಅಂದುಬಿಟ್ರು. ಎರಡು ವರ್ಷ ಹಾಳಾಯ್ತು. ಆವತ್ತು ಊರಿನ ಅಂಗಡಿಯೋರು ಯಾರಾದ್ರೂ ಅಮ್ಮಾ ಇದು ಬರೀ ಸದ್ದು ಜಾಸ್ತಿ ಮಾಡೋ ಮೆಷಿನ್ನು, ಮೊದಲು ಟೆಸ್ಟ್ ಆಗ್ಲಿ ಅಂದಿದ್ರೆ ಸಾಕಿತ್ತು. ನನ್ನ ಮಾತಿಗಿಂತ ಅಂಗಡಿಯೋರ ಮಾತೇ ಅವ್ರಿಗೆ ಮುಖ್ಯ.

ಪೆನ್ಸಿಲ್ವೇನಿಯಾ_ಕನ್ನಡಿಗ:
ನಾನು ಮೂಲ ಹಾಸನ, ಇಲ್ಲಿ ಅಮೆರಿಕದಲ್ಲಿ ಒಂದು ಸಣ್ಣ ಊರಲ್ಲಿ ಫಾರ್ಮಸಿಸ್ಟ್. ಇಲ್ಲೂ ಹಳ್ಳಿ ಕಡೆ ಆಡಿಯಾಲಜಿಸ್ಟ್ ಸಿಗೋದು ಕಷ್ಟ. ಇಲ್ಲಿ 2017ರಲ್ಲಿ ಕಾನೂನು ಆಯ್ತು, 2022ರ ಅಕ್ಟೋಬರ್ 17ರಿಂದ 18 ತುಂಬಿದ, ಸ್ವಲ್ಪದಿಂದ ಮಧ್ಯಮ ಮಟ್ಟದ ತೊಂದರೆ ಇರೋರು ಚೀಟಿ ಇಲ್ದೆ ಟೆಸ್ಟ್ ಇಲ್ದೆ ಅಂಗಡೀಲೇ ಹಿಯರಿಂಗ್ ಏಡ್ ತಗೋಬೋದು. ಆಗ ಎಲ್ರೂ ಫಾರ್ಮಸಿಗೆ ಬಂದು ನಮ್ಮನ್ನ ಕೇಳೋಕೆ ಶುರು ಮಾಡಿದ್ರು, ನಮಗೇನೂ ಗೊತ್ತಿಲ್ಲ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಫಾರ್ಮಸಿಯೋರು ಆಡಿಯಾಲಜಿಯೋರು ಸೇರ್ಕೊಂಡು ಫಾರ್ಮಸಿಸ್ಟ್‌ಗಳಿಗೆ ಅಂತಲೇ ಚಾಂಪ್ ಅನ್ನೋ ಹೆಸರಲ್ಲಿ ತರಬೇತಿ ಕೆಲಸ ಶುರು ಮಾಡಿದ್ರು. ಯಾರಿಗೆ ಇದು ಆಗತ್ತೆ, ಯಾರನ್ನ ಡಾಕ್ಟ್ರ ಹತ್ರ ಕಳಿಸಬೇಕು, ಇದೇ ಅದರ ಮುಖ್ಯ ವಿಷಯ.

ಒಂದು ಮಾತು ಮನಸ್ಸಿಟ್ಟು ಹೇಳ್ತೀನಿ, ನಾವು ಫಾರ್ಮಸಿಸ್ಟ್‌ಗಳು ಆಡಿಯಾಲಜಿಸ್ಟ್‌ಗಿಂತ ಚೆನ್ನಾಗಿ ನೋಡಬೋದಾದ ಒಂದು ಜಾಗ ಇದೆ, ಅದು ಔಷಧಿ. ಅಮಿಕಾಸಿನ್, ಜೆಂಟಮೈಸಿನ್, ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್, ಕ್ಯಾನ್ಸರಿನ ಸಿಸ್ಪ್ಲಾಟಿನ್, ಜಾಸ್ತಿ ಡೋಸ್ ಫ್ಯೂರೊಸಮೈಡ್, ಕ್ವಿನೈನ್, ಜಾಸ್ತಿ ಆಸ್ಪಿರಿನ್, ಇವೆಲ್ಲ ಕಿವಿಗೆ ತೊಂದರೆ ಮಾಡಬೋದು. ಚೀಟಿ ನಿಮ್ಮ ಕೈಗೇ ಬರತ್ತೆ. ಕಿವೀಲಿ ಸದ್ದು ಶುರು ಆಯ್ತಾ ಅಂತ ಒಂದು ಪ್ರಶ್ನೆ ಕೇಳಿ, ಆಯ್ತು ಅಂದ್ರೆ ಬರೆದುಕೊಟ್ಟ ಡಾಕ್ಟ್ರಿಗೆ ಅವತ್ತೇ ತಿಳಿಸಿ. ಮಾತ್ರೆ ನೀವಾಗೇ ನಿಲ್ಲಿಸೋಕೆ ಹೇಳ್ಬೇಡಿ.

ಅಂಗಡಿಯಣ್ಣ_ಹನೂರು:
ಹಾಸನದ ಅಣ್ಣಾ, ಇದು ನಂಗೆ ಹೊಳೆದೇ ಇರಲಿಲ್ಲ. ನಮ್ಮ ಚಿಕ್ಕಪ್ಪನಿಗೆ ಟಿಬಿಗೆ ಸೂಜಿ ಕೊಡ್ತಿದ್ದ ಕಾಲದಲ್ಲಿ ಕಿವಿ ಗುಂಯ್ ಅಂತದೆ ಅಂತಿದ್ರು, ಕೋರ್ಸ್ ಮುಗಿಯೋ ಹೊತ್ತಿಗೆ ಕಿವಿ ಹೋಯ್ತು, ಮನೇಲೆಲ್ಲ ಟಿಬಿ ಕಿವಿಗೆ ಹತ್ತಿತು ಅಂತಲೇ ಅನ್ಕೊಂಡಿದ್ವಿ.

ಇಎನ್‌ಟಿ_ಪಿಜಿ ಡಾಕ್ಟ್ರೇ, ನಿಮ್ಮ ಭಯಕ್ಕೆ ನನ್ನ ಉತ್ತರ ಒಂದೇ, ನಮಗೆ ಏಡ್ ಮಾರೋ ಆಸೆ ಇಲ್ಲ. ಬ್ಯಾಟರಿ ಇಡ್ತೀವಿ, ಅಷ್ಟೇ. ಬ್ಯಾಟರಿ ತರೋಕೆ ಜನ ಮೈಸೂರಿಗೆ ಹೋಗೋದು ತಪ್ಪುತ್ತೆ.

ನಿವೃತ್ತ_ಮೇಷ್ಟ್ರು:
ಬ್ಯಾಟರಿ ಇಡೋದಾದ್ರೆ ಬಣ್ಣ ನೆನಪಿಟ್ಕೊಳ್ಳಿ. 10 ನಂಬರ್ ಸೈಜಿಗೆ ಹಳದಿ, 312ಕ್ಕೆ ಕಂದು, 13ಕ್ಕೆ ಕಿತ್ತಳೆ, 675ಕ್ಕೆ ನೀಲಿ. ನನ್ನದು ಕಿತ್ತಳೆ. ಸ್ಟಿಕ್ಕರ್ ಕಿತ್ತ ಮೇಲೆ ಎರಡು ಮೂರು ನಿಮಿಷ ಗಾಳಿಗೆ ಬಿಟ್ಟು ಹಾಕ್ಬೇಕು, ಅದು ಗಾಳಿ ಎಳ್ಕೊಂಡು ಕೆಲಸ ಮಾಡೋ ಬ್ಯಾಟರಿ, ಸ್ಟಿಕ್ಕರ್ ಒಮ್ಮೆ ಕಿತ್ರೆ ವಾಪಸ್ ಅಂಟಿಸಿದ್ರೂ ಹೆಚ್ಚು ದಿನ ಬರಲ್ಲ. ಮಳೆಗಾಲದಲ್ಲಿ ಏಡ್ ಬಂದ್ ಆದ್ರೆ ಹೆಚ್ಚಿನ ಸಲ ತೇವ, ಇಲ್ಲಾ ಗುಗ್ಗೆ. ರಾತ್ರಿ ಸಿಲಿಕಾ ಜೆಲ್ ಇರೋ ಡಬ್ಬೀಲಿ ಇಡ್ಬೇಕು. ಇಷ್ಟು ಹೇಳೋರು ಊರಲ್ಲಿ ಒಬ್ರಿದ್ರೆ ಅರ್ಧ ಏಡ್‌ಗಳು ಡ್ರಾಯರ್ ಸೇರಲ್ಲ.

ಶ್ರವಣತಜ್ಞೆ_ಮೈಸೂರು:
ಮತ್ತೆ ಚಿಕ್ಕ ಮಕ್ಕಳು ಬ್ಯಾಟರಿ ನುಂಗಿದ್ರೆ ಒಂದು ಗಂಟೇನೂ ಕಾಯಬೇಡಿ, ಸೀದಾ ಆಸ್ಪತ್ರೆ. ಮಾರುವಾಗ ಈ ಮಾತು ಹೇಳದೆ ಕೊಡಬೇಡಿ.

ಆಶಾ_ಅಕ್ಕ:
ನಾನೊಬ್ಬ ಆಶಾ. 30 ದಾಟಿದೋರಿಗೆ ನಾವು ತುಂಬೋ ಸಿಬಿಎಸಿ ಅನ್ನೋ ಆರೋಗ್ಯ ಪ್ರಶ್ನೆಗಳ ಫಾರ್ಮ್‌ನಲ್ಲಿ ಕಿವಿ ಕೇಳಿಸೋಕೆ ಕಷ್ಟನಾ ಅನ್ನೋ ಪ್ರಶ್ನೆ ಇದೆ. ಎಲ್ರೂ ಇಲ್ಲ ಅಂತಾರೆ, ಸೊಸೆ ಪಕ್ಕದಲ್ಲಿ ನಿಂತಿರ್ತಾಳೆ, ಅತ್ತೆ ಹೂಂ ಅಂತಾರಾ? ಅದೇ ಅತ್ತೆ ಅಂಗಡಿಗೆ ಹೋಗಿ ಗುಟ್ಟಾಗಿ ಕಿವಿ ಎಣ್ಣೆ ಕೇಳ್ತಾರೆ. ಅಂಗಡಿಯೋರು ನಮಗೆ ಒಂದು ಫೋನ್ ಮಾಡಿದ್ರೆ, ಅವರನ್ನ ಕೇಳಿಯೇ ಮಾಡಿ ಆದ್ರೆ ಮಾಡಿ, ನಾವು ಪಿಎಚ್‌ಸಿಗೆ ಕರ್ಕೊಂಡು ಹೋಗ್ತೀವಿ.

ಇನ್ನೊಂದು, ಮಗು ಇನ್ನೂ ಮಾತಾಡಲ್ಲ ಟಾನಿಕ್ ಕೊಡಿ ಅಂತ ತಾಯಂದಿರು ನಿಮ್ಮತ್ರ ಬಂದಾಗ ಗಂಡುಮಕ್ಕಳು ಲೇಟು ಬಿಡಮ್ಮ ಅಂತ ದಯವಿಟ್ಟು ಹೇಳ್ಬೇಡಿ. ನನ್ನ ಏರಿಯಾದಲ್ಲಿ ಒಂದು ಮಗು ಮೂರು ವರ್ಷ ಹಂಗೇ ಕಳೀತು.

ಶ್ರವಣತಜ್ಞೆ_ಮೈಸೂರು:
ಅಕ್ಕಾ ಹೇಳಿದ್ದನ್ನ ದೊಡ್ಡದಾಗಿ ಬರೆದು ಅಂಟಿಸಿ. ಹುಟ್ಟಿದ ಒಂದು ತಿಂಗಳೊಳಗೆ ಸ್ಕ್ರೀನಿಂಗ್, ಮೂರು ತಿಂಗಳೊಳಗೆ ಪೂರ್ತಿ ಟೆಸ್ಟ್, ಆರು ತಿಂಗಳೊಳಗೆ ಏಡ್ ಥೆರಪಿ ಶುರು, ಇದು ನಾವು ಹಿಡಿಯೋ ಗುರಿ. ಅದು ತಪ್ಪಿದ್ರೂ ಪರವಾಗಿಲ್ಲ, ಇವತ್ತೇ ಕಳಿಸಿ.

ಎಲ್ಲಿಗೆ ಕಳಿಸೋದು ಅಂತ ಕೇಳಿದೋರಿಗೆ: ಜಿಲ್ಲಾ ಆಸ್ಪತ್ರೆ ಇಎನ್‌ಟಿ ಮೊದಲು. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಟೆಸ್ಟ್, ಥೆರಪಿ, ಏಡ್ ಮೂರೂ ಒಂದೇ ಕಡೆ. 40 ಪರ್ಸೆಂಟ್ ಅಂಗವಿಕಲತೆ ಸರ್ಟಿಫಿಕೇಟ್ ಇದ್ದು ಆದಾಯ ಕಮ್ಮಿ ಇದ್ರೆ ಕೇಂದ್ರ ಸರ್ಕಾರದ ಅಡಿಪ್ ಯೋಜನೇಲಿ ಉಚಿತ ಏಡ್ ಸಿಗತ್ತೆ. 60 ದಾಟಿದ ಬಿಪಿಎಲ್‌ನೋರಿಗೆ 2017ರಿಂದ ವಯೋಶ್ರೀ ಯೋಜನೆ ಇದೆ, ಕ್ಯಾಂಪ್ ಮಾಡಿ ಏಡ್ ಕೊಡ್ತಾರೆ. ಈ ಎರಡು ಹೆಸರು ಅಂಗಡೀಲಿ ಬರೆದು ಹಾಕಿದ್ರೆ, ದುಡ್ಡಿಲ್ಲ ಅಂತ ಸುಮ್ನಾಗೋ ಎಷ್ಟೋ ಜನ ಒಂದ್ಸಲ ಹೊರಡ್ತಾರೆ.

ಇಎನ್‌ಟಿ_ಪಿಜಿ:
ಎಲ್ಲ ಓದಿದೆ. ಕೇಳೋದು, ಕಳಿಸೋದು, ಬ್ಯಾಟರಿ, ಔಷಧಿ ಎಚ್ಚರಿಕೆ ಇಷ್ಟೇ ಆದ್ರೆ ನನ್ನ ಪೂರ್ತಿ ಬೆಂಬಲ ಇದೆ. ಎರಡು ಷರತ್ತು. ಯಾವ ಏಡ್ ಕಂಪನಿ ದುಡ್ಡೂ ಟ್ರೈನಿಂಗಿಗೆ ಬರಬಾರದು, ಸರ್ಟಿಫಿಕೇಟ್ ಬದಲು ಯಾರನ್ನ ಕಳಿಸಬೇಕು ಅನ್ನೋ ಒಂದು ಹಾಳೆ ಗೋಡೆಗೆ ಅಂಟಿಸೋಕೆ ಕೊಡಿ. ಕಳಿಸುವಾಗ ಒಂದು ಚೀಟೀಲಿ ಯಾವತ್ತು ಶುರು ಆಯ್ತು, ಏನು ಡ್ರಾಪ್ಸ್ ಹಾಕಿದಾರೆ ಅಂತ ಬರೆದ್ರೆ ನಮಗೆ ಅರ್ಧ ಕೆಲಸ ಉಳಿಯತ್ತೆ. ಹಾಳೆ ನಾನೂ ಸೇರಿ ಬರೀತೀನಿ.

ಅಂಗಡಿಯಣ್ಣ_ಹನೂರು:
ಎರಡು ತಿಂಗಳ ಮೇಲೆ ಬರೀತಿದೀನಿ. ಹಾಳೆ ಅಂಟಿಸಿದೆ, ಪಕ್ಕದಲ್ಲಿ ನೂರು ಪುಟದ ನೋಟ್‌ಬುಕ್ ನೇತು ಹಾಕಿದೀನಿ. ಹೋದ ಸೋಮವಾರ ಒಬ್ರು ಹೆಂಗಸು ಬಂದು ನಿನ್ನೆಯಿಂದ ಬಲಗಿವಿ ಇಲ್ಲ ಅಂದ್ರು. ಗುನುಗೋಕೆ ಹೇಳಿದೆ, ಎಡಕ್ಕೆ ಕೇಳ್ತದೆ ಅಂದ್ರು. ಕೈ ನಡುಗ್ತು ನಂಗೆ. ಚೀಟಿ ಬರೆದು, ಅವರ ಮಗನಿಗೆ ಫೋನ್ ಮಾಡಿ, ಮಧ್ಯಾಹ್ನದ ಬಸ್ಸಿಗೇ ಹತ್ತಿಸಿದೆ. ಚಿಕಿತ್ಸೆ ಶುರು ಆಗಿದೆ, ಏನಾಗತ್ತೋ ಇನ್ನೂ ಗೊತ್ತಿಲ್ಲ.

ಮುಂದಿನ ತಿಂಗಳು ಎರಡನೇ ಭಾನುವಾರ ಮೈಸೂರಲ್ಲಿ ಒಂದಿನ ಕೂರೋಣ ಅಂತ ಮೇಡಂ, ಡಾಕ್ಟ್ರು ಇಬ್ರೂ ಒಪ್ಪಿದಾರೆ. ನಮ್ಮ ತಾಲ್ಲೂಕಿಂದ ಒಂಬತ್ತು ಅಂಗಡಿಯೋರು, ಕೌಂಟರ್ ಹುಡುಗ್ರು ಸೇರಿ, ಬರ್ತೀವಿ. ಮೇಷ್ಟ್ರೇ, ನೀವು ಬಂದು ಅರ್ಧ ಮಾತ್ರೆ ಕಥೆ ಹೇಳ್ಬೇಕು.

ನಿವೃತ್ತ_ಮೇಷ್ಟ್ರು:
ಬರ್ತೀನಿ. ಮುಂದಿನ ಸಾಲಲ್ಲಿ ಕುರ್ಚಿ ಇಡಿ, ಫ್ಯಾನ್ ಸದ್ದು ಮಾಡದ ಕಡೆ.

ಕೊಪ್ಪಳದ_ತಮ್ಮ:
ನಾನೂ ಬರ್ತೀನ್ರಿ ಅಣ್ಣಾರ. ಶನಿವಾರ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತತೀನಿ. ಭಾನುವಾರ ನಂದs ಪಾಳಿ ಐತಿ, ನಮ್ಮ ಮಾಲಕ್ರಿಗೆ ಮೇಡಂ ಒಂದ್ ಮಾತ್ ಫೋನ್ ಮಾಡಿ ಹೇಳಿದ್ರ ಬಿಡ್ತಾರ್ರಿ, ನಂಬರ್ ಮೆಸೇಜ್ ಮಾಡೀನಿ.